ಎಂಟು ಅಕ್ಷರದ ಜಾಗ

ಪ್ರಭುದೇವ ತೀರಿಕೊಂಡಿದ್ದಾನೆಂದು ವಿಶಾಖಾಗೆ ತಿಳಿದದ್ದು, ಅವನನ್ನು ರೇಗಿಸಬೇಕೆಂದು ಅವಳೇ ಫೋನ್ ಮಾಡಿದ ಬೆಳಿಗ್ಗೆ. ಒಲೆಯ ಮೇಲಿನ ಹಾಲು ಇನ್ನೂ ಕಾದಿರಲಿಲ್ಲ. ಮಾವಳ್ಳಿಯ ಮನೆಯ ಸಣ್ಣ ಅಡಿಗೆಕೋಣೆಯ ಕಿಟಕಿಗೆ ಫೋನನ್ನು ಒರಗಿಸಿಟ್ಟು, ಕನ್ನಡಕವನ್ನು ಸೆರಗಿನಿಂದ ಒರೆಸಿಕೊಂಡು, ಅವಳು ಎಂದಿನಂತೆ ತನ್ನ ಹಳೆಯ ಕಚೇರಿಯಿಂದ ಬಂದ ಕೆರೆ ನೀರಿನ ಅಂದಾಜನ್ನು ತೆರೆದಳು. ನಿವೃತ್ತಿಯಾಗಿ ಏಳೆಂಟು ವರ್ಷವಾಗಿದ್ದರೂ ಅದನ್ನು ಕಳಿಸುವವರ ಸಾಲಿನಿಂದ ಅವಳ ವಿಳಾಸವನ್ನು ಯಾರೂ ತೆಗೆದಿರಲಿಲ್ಲ. ತೆಗೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಿನ್ನೆಯ ಮಳೆಯಿಂದ ಯಾವ ಕೆರೆಗೆ ಎಷ್ಟು ನೀರು ಬಂದೀತು ಎಂಬ ಅಂಕಿಗಳನ್ನೆಲ್ಲ ದಾಟಿ ಅವಳ ಬೆರಳು ನೇರವಾಗಿ ಕೊನೆಯ ಸಾಲಿಗೆ ಹೋಗುತ್ತಿತ್ತು. ಅಲ್ಲಿ, ಅಂದು ಆ ಲೆಕ್ಕದ ಕಂಪ್ಯೂಟರ್ ಪ್ರೋಗ್ರಾಮನ್ನು ನಡೆಸಿದವರ ಹೆಸರು ಇಂಗ್ಲಿಷಿನಲ್ಲಿರುತ್ತಿತ್ತು. ಪೂರ್ತಿ ಹೆಸರಲ್ಲ. ‘ಪ್ರಭುದೆ’ ಎನ್ನುವಷ್ಟಕ್ಕೆ ನಿಲ್ಲುತ್ತಿತ್ತು, ಕೊನೆಯ ಎರಡಕ್ಷರವನ್ನು ಯಾರೋ ಕತ್ತರಿಯಲ್ಲಿ ಕತ್ತರಿಸಿದ ಹಾಗೆ. ನಿವೃತ್ತನಾದ ಮೇಲೂ ಅವನನ್ನು ಸಲಹೆಗಾರನೆಂದು ಉಳಿಸಿಕೊಂಡಿದ್ದರು. ಅವನು ದಿನಾ ಬೆಳಿಗ್ಗೆ ಚಾಮರಾಜಪೇಟೆಯಿಂದ ಮಲ್ಲೇಶ್ವರದ ಕಚೇರಿಗೆ ಹೋಗಿ ಆ ಪ್ರೋಗ್ರಾಮನ್ನು ಕೈಯಾರೆ ನಡೆಸುತ್ತಿದ್ದ. ಆ ಮೊಂಡು ಹೆಸರನ್ನು ನೋಡಿದ ಮೇಲೆಯೇ ಅವಳಿಗೆ ಕಾಫಿ. ಇದ್ದಾನೆ, ಎಂದುಕೊಳ್ಳುವಳು. ಅಷ್ಟೇ. ಅಂದು ಆ ಜಾಗ ಖಾಲಿಯಿತ್ತು.

ಅವಳಿಗೆ ಮೊದಲು ಬಂದದ್ದು ನಗು. ಯಾವಾಗಲೂ ತನ್ನ ತಪ್ಪು ಹುಡುಕುವವನು ಈಗ ತಾನೇ ಸಿಕ್ಕಿಬಿದ್ದನಲ್ಲ! ಎಷ್ಟೋ ತಿಂಗಳ ನಂತರ ಫೋನ್ ಮಾಡಲು ಒಂದು ನೆವ ಸಿಕ್ಕಿತಲ್ಲ ಎಂಬ ಸಂತೋಷವೂ ಆ ನಗುವಿನಲ್ಲಿತ್ತು. ಆ ಕಡೆ ಎತ್ತಿಕೊಂಡ ಸದ್ದಾದ ಕೂಡಲೇ, “ಏನ್ರೀ ಪ್ರಭುದೇವ್, ಕೊನೆಗೆ ಸ್ವಂತ ಹೆಸರೇ ಮರ್ತೋಯ್ತಾ?” ಎಂದಳು.

“ಹಲೋ, ಯಾರು ಮಾತಾಡ್ತಿರೋದು?” ಹೆಣ್ಣುದನಿ. ಹಿಂದೆ ಪಾತ್ರೆಗಳ ಸದ್ದು, ಯಾರೋ ಎಲೆ ಎಣಿಸುತ್ತಿದ್ದ ಸದ್ದು.

“ನಾನು ವಿಶಾಖಾ ಅಂತ... ಅವರ ಆಫೀಸಲ್ಲಿ...”

“ಆಂಟಿ, ನಾನು ಆರಾಧನಾ, ಅವರ ಅಕ್ಕನ ಮೊಮ್ಮಗಳು. ತಾತ ಹೋಗ್ಬಿಟ್ರು ಆಂಟಿ. ಹತ್ತು ದಿನ ಆಗ್ತಾ ಬಂತು. ನಿದ್ದೇಲೇ ಹೋಗಿದ್ರು. ಸಾರಿ ಆಂಟಿ, ಬಂಧುಗಳಿಗೆ ಮಾತ್ರ ಹೇಳಿದ್ವಿ. ಇವತ್ತು ಶಿವಗಣಾರಾಧನೆ ಇದೆ, ಬನ್ನಿ.”

ಹಾಲು ಉಕ್ಕಿ ಒಲೆಯನ್ನು ಆರಿಸಿತು. ಅವಳು ಗ್ಯಾಸನ್ನು ತಿರುಗಿಸಿ ನಿಲ್ಲಿಸಿ, ಬಟ್ಟೆಯಿಂದ ಹಾಲನ್ನು ಒರೆಸಿ, ಬಟ್ಟೆಯನ್ನು ಹಿಂಡಿ, ಮತ್ತೆ ಒರೆಸಿದಳು. ಅವನ ಸಾವಿನ ಬಗ್ಗೆ ತಾನು ಆಡಿದ ಮೊದಲ ಮಾತು ಒಂದು ತಮಾಷೆ ಎಂಬುದು ಮನಸ್ಸಿನಲ್ಲಿ ಮುಳ್ಳಿನ ಹಾಗೆ ನಿಂತಿತ್ತು. ಆಮೇಲೆ ನಿಧಾನವಾಗಿ ಇನ್ನೊಂದು ಹೊಳೆಯಿತು. ಈ ಹತ್ತು ದಿನವೂ ಆ ಹೆಸರು ಬಂದಿತ್ತಲ್ಲ? ದಿನಾ ನೋಡಿ, ಇದ್ದಾನೆ ಎಂದುಕೊಂಡು ಕಾಫಿ ಕುಡಿದಿದ್ದಳಲ್ಲ? ಮಣ್ಣಿನಲ್ಲಿದ್ದವನ ಹೆಸರನ್ನು ನೋಡಿ ಸಮಾಧಾನಪಟ್ಟುಕೊಂಡಿದ್ದಳಲ್ಲ? ಅವಳು ಗೂಡಿನ ಮುಂದೆ ಬಂದು ನಿಂತಳು. ಬುದ್ಧನ ಸಣ್ಣ ಮೂರ್ತಿ, ಪಕ್ಕದಲ್ಲಿ ತಾಯಿ ನರಸಮ್ಮನ ಪಟ. ತಾಯಿ ಪ್ರತಿ ಹುಣ್ಣಿಮೆಗೆ ದೀಪ ಹಚ್ಚಿ, ವಿಹಾರದಲ್ಲಿ ಕಲಿತ ಪ್ರಾರ್ಥನೆಯನ್ನು ತನ್ನದೇ ಮಾತಿನಲ್ಲಿ ಹೇಳುತ್ತಿದ್ದಳು: ಮಾಡಿದ ಒಳ್ಳೆಯದರ ಫಲ, ತೀರಿಹೋದ ನಮ್ಮ ಬಂಧುಗಳಿಗೆ ಸೇರಲಿ. ವಿಶಾಖಾ ಕೈಮುಗಿದು ಅದನ್ನೇ ಹೇಳತೊಡಗಿದಳು. ‘ಬಂಧು’ ಎಂಬಲ್ಲಿಗೆ ನಾಲಗೆ ನಿಂತಿತು. ಬಂಧುಗಳಿಗೆ ಮಾತ್ರ ಹೇಳಿದ್ವಿ. ಪ್ರಾರ್ಥನೆಯಲ್ಲಿ ಸುಳ್ಳು ಹೇಳಲಾಗುತ್ತದೆಯೆ? ಅವಳು ಕೈ ಇಳಿಸಿದಳು. ದೀಪ ಹಚ್ಚಲಿಲ್ಲ.

ಅಷ್ಟರಲ್ಲಿ ಕಚೇರಿಯಿಂದ ರಕ್ಷಿತಾಳ ಫೋನು ಬಂತು. ಈಗ ಆ ಕೆರೆಗಳ ವಿಭಾಗ ನೋಡಿಕೊಳ್ಳುತ್ತಿದ್ದವಳು ಅವಳೇ. “ಮೇಡಂ, ಫ್ರೀ ಇದೀರಾ? ಕೊನೇ ಲೈನಲ್ಲಿ ಹೆಸರು ಬರ್ತಿಲ್ಲ. ಆ ಹಳೇ ಫೋರ್ಟ್ರಾನ್ ಭಾಷೆ ಅಂದ್ರೆ ಇಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡ್ತಾರೆ. ನೀವು ಬಂದು ಆ ಲೈನನ್ನೇ ತೆಗೆದುಕೊಟ್ಬಿಟ್ರೆ ಸಾಕು.” ಆ ಸಾಲನ್ನೇ ತೆಗೆಯುವುದೇ, ಎಂದು ವಿಶಾಖಾ ಕೇಳಲಿಲ್ಲ. ಬರುತ್ತೇನೆ ಎಂದಳು. ಅವನು ಇದ್ದಾನೆಂದು ಅವಳಿಗೆ ತಿಳಿಸುತ್ತಿದ್ದುದು ಈ ಲೋಕದಲ್ಲಿ ಆ ಒಂದು ಸಾಲು. ಅದನ್ನು ಅಳಿಸಲೂ ಅವಳನ್ನೇ ಕರೆದಿದ್ದರು.

ಆ ಸಾಲನ್ನು ಬರೆದವಳೂ ಅವಳೇ. ಮೊದಮೊದಲು ನಡೆಸುವವರ ಹೆಸರು ಪ್ರೋಗ್ರಾಮಿನ ಒಳಗೇ ಬರೆದಿರುತ್ತಿತ್ತು. ಆಳು ಬದಲಾದಾಗಲೆಲ್ಲ ಪ್ರೋಗ್ರಾಮನ್ನು ತಿದ್ದಿ ಮತ್ತೆ ಕಟ್ಟಬೇಕಾಗುತ್ತಿತ್ತು. ಒಳಗೆ ಬರೆಯುವುದೇಕೆ, ಹೊರಗೆ ಕೇಳಿಕೊಳ್ಳಲಿ ಎಂದು ಅವಳು ಹೇಳಿದಳು. ಯಾವ ಪ್ರೋಗ್ರಾಮಾದರೂ ಶುರುವಾಗುವಾಗ ಅದರ ಸುತ್ತ ಒಂದಷ್ಟು ಹೆಸರುಗಳಿರುತ್ತವೆ, ಒಂದೊಂದು ಹೆಸರಿಗೂ ಒಂದೊಂದು ಉತ್ತರ: ಯಾರ ಮನೆ, ಯಾವ ಊರಿನ ಗಂಟೆ, ಯಾರು ಕೂತಿರುವವರು. ಎನ್ವಿರಾನ್‌ಮೆಂಟ್ ವೇರಿಯಬಲ್ ಎಂದು ಪುಸ್ತಕದಲ್ಲಿ ಕರೆಯುತ್ತಿದ್ದುದನ್ನು ಪ್ರಭುದೇವ ನೆರೆಹೊರೆ ಎನ್ನುತ್ತಿದ್ದ. “ನಿಮ್ಮ ಪ್ರೋಗ್ರಾಮು ನೆರೆಹೊರೆಯವರನ್ನ ವಿಚಾರಿಸ್ತಿದೆ ನೋಡಿ.” ನೆರೆಹೊರೆ ಹೇಳಿದ ಹೆಸರನ್ನು ಇಟ್ಟುಕೊಳ್ಳಲು ಒಳಗೆ ಒಂದು ಜಾಗ ಬೇಕು, ಅದು ಎಷ್ಟು ಅಕ್ಷರದ್ದೆಂದು ಮೊದಲೇ ಹೇಳಿಬಿಡಬೇಕು. ವಿಶಾಖಾ ಆಗ ತನ್ನ ಹೆಸರನ್ನೇ ಇಂಗ್ಲಿಷಿನಲ್ಲಿ ಬರೆದು ಎಣಿಸಿದಳು. ಸರಿಯಾಗಿ ಎಂಟು. ಎಂಟು ಎಂದು ಬರೆದಳು. ಅವನ ಹೆಸರಿಗೆ ಹತ್ತು ಬೇಕೆಂಬುದು ಹೊಳೆಯಲೇ ಇಲ್ಲ. ಮಾರನೆಯ ದಿನ ‘ಪ್ರಭುದೆ’ ಎಂದು ಬಂದಾಗ ಇಡೀ ವಿಭಾಗ ನಕ್ಕಿತು. ಜವಾನ ಕೂಡ ಪ್ರಭುದೆ ಸಾರ್ ಎನ್ನತೊಡಗಿದ. ಅವಳು ಕೆಂಪಾಗಿ, ಈಗಲೇ ತಿದ್ದುತ್ತೇನೆ ಎಂದಾಗ ಅವನು ಅವಳ ಮೇಜಿನ ಅಂಚನ್ನು ಹಿಡಿದು ನಿಂತು, “ಬೇಡ ಇರ್ಲಿ ಬಿಡಿ. ನಿಮ್ಮ ಅಳತೆಗೆ ಹೊಲಿಸಿದ ಅಂಗಿ, ನಾನು ಸ್ವಲ್ಪ ಮುದುರಿಕೊಂಡು ಹಾಕ್ಕೋತೀನಿ,” ಎಂದಿದ್ದ. ಸ್ವಲ್ಪ ಹೊತ್ತಿನ ಮೇಲೆ, “ಕನ್ನಡದಲ್ಲಾಗಿದ್ರೆ ನಾನು ನಾಲ್ಕೇ ಅಕ್ಷರ. ಧಾರಾಳವಾಗಿ ಹಿಡಿಸ್ತಿದ್ದೆ,” ಎಂದೂ ಹೇಳಿದ್ದ. ಅವಳು ತಲೆಯೆತ್ತಿರಲಿಲ್ಲ. ತಲೆಯೆತ್ತಿದ್ದರೆ ಏನಾಗುತ್ತಿತ್ತೋ ಎಂದು ಎಷ್ಟೋ ವರ್ಷ ಯೋಚಿಸಿದ್ದಳು.

ಚಾಮರಾಜಪೇಟೆಯ ಮನೆಯ ಮುಂದೆ ಶಾಮಿಯಾನ ಹಾಕಿತ್ತು. ಬೈಕು ನಿಲ್ಲಿಸಲು ಜಾಗವಿಲ್ಲವೆಂದು ಇಬ್ಬರು ಗಂಡಸರು ತಗ್ಗಿದ ದನಿಯಲ್ಲಿ ಜಗಳವಾಡುತ್ತಿದ್ದರು. ಅಷ್ಟು ವರ್ಷದ ಪರಿಚಯದಲ್ಲಿ ಅವಳು ಆ ಮನೆಯ ಹೊಸ್ತಿಲು ತುಳಿಯುತ್ತಿದ್ದುದು ಅದೇ ಮೊದಲು. ಒಳಗೆ ಸಾಂಬ್ರಾಣಿಯ ಹೊಗೆ. ವಿಭೂತಿ ಬಳಿದ ಪಟದಲ್ಲಿ ಪ್ರಭುದೇವ ಯಾರದೋ ಮದುವೆಯ ಕೋಟು ತೊಟ್ಟು ಮುಜುಗರದಿಂದ ಕೂತಿದ್ದ. ಆ ಕೋಟು ಅವನದಲ್ಲ ಎಂದು ಅವಳಿಗೆ ಅನ್ನಿಸಿತು. ಅವನು ತೋಳು ಮಡಿಸಿದ ಷರಟಿನವನು. ಆರಾಧನಾ ಬಂದು ಕೈ ಹಿಡಿದು, ಗೋಡೆಗೆ ಒರಗಿ ಕೂತಿದ್ದ ಮುದುಕಿಯ ಹತ್ತಿರ ಕರೆದುಕೊಂಡು ಹೋದಳು. ಪ್ರಭುದೇವನ ಅಕ್ಕ ಪುಟ್ಟಗೌರಮ್ಮ. ಮದುವೆಯಾಗದ ತಮ್ಮನಿಗೆ ಕೊನೆಯವರೆಗೂ ಅನ್ನ ಹಾಕಿದವಳು.

“ಯಾರಮ್ಮಾ ಇವ್ರು?”

“ಆಫೀಸಿನವರು ಅಜ್ಜಿ.”

ಆಫೀಸಿನವರು. ಆ ಮಾತು ವಿಶಾಖಾಳ ಎದೆಗೆ ಬಂದು ತಗುಲಿತು, ತಾನೇ ಎಸೆದ ಕಲ್ಲು ಸುತ್ತಿ ಬಂದ ಹಾಗೆ. ತಾಯಿ ಸತ್ತಾಗ ಅವನು ಮಾವಳ್ಳಿಗೆ ಬಂದಿದ್ದ. ಸಂಜೆಯವರೆಗೂ ಬಾಗಿಲ ಬಳಿಯ ಚಾಪೆಯ ಮೇಲೆ ಕೂತು, ಕೇಳಿ ಒಂದು ಲೋಟ ನೀರು ಕುಡಿದು ಹೋಗಿದ್ದ. ಅವನು ಬೀದಿಯ ತಿರುವು ದಾಟುವ ಮೊದಲೇ ಎದುರುಮನೆಯ ಹನುಮಕ್ಕ ಸೊಂಟದ ಮೇಲೆ ಕೈಯಿಟ್ಟು, “ಯಾರು ವಿಶಾಖಕ್ಕಾ ಅವ್ರು? ಅಷ್ಟೊತ್ತು ಕೂತಿದ್ರು?” ಎಂದಿದ್ದಳು. “ಆಫೀಸಿನವರು,” ಎಂದಿದ್ದಳು ವಿಶಾಖಾ. ಅವನಿಗೆ ಕೇಳಿಸಿತ್ತೋ ಇಲ್ಲವೋ. ಅವನ ನಡಿಗೆ ಒಂದು ಕ್ಷಣ ನಿಧಾನವಾದ ಹಾಗೆ ಕಂಡಿತ್ತು. ಕಂಡದ್ದೋ, ಆಮೇಲೆ ತಾನೇ ಸೇರಿಸಿಕೊಂಡದ್ದೋ.

“ಅವನ ಕೈಕೆಳಗಿದ್ದೋರಾ?” ಮುದುಕಿ ಅವಳ ಕೈ ಹಿಡಿದು ಕೇಳಿದಳು.

“ಜೊತೇಲಿದ್ದೆ ಅಮ್ಮ,” ಎಂದಳು ವಿಶಾಖಾ. ಹೇಳಿದ ಮೇಲೆ ಅದು ಎಷ್ಟು ದೊಡ್ಡ ಮಾತು ಎಂದು ಹೆದರಿ, “ಒಂದೇ ಸೆಕ್ಷನ್ನು,” ಎಂದು ಸೇರಿಸಿದಳು.

“ಎಲ್ಲಿ ಮನೆ?”

“ಮಾವಳ್ಳಿ.”

“ಮಾವಳ್ಳೀಲಿ ಯಾವ ಬೀದಿ?”

ಬೀದಿಯ ಹೆಸರು ಹೇಳಿದಳು. ಮುದುಕಿ “ಓ” ಎಂದಳು. ಆ ‘ಓ’ ಎಷ್ಟು ಉದ್ದವಿರುತ್ತದೆ, ಎಲ್ಲಿ ಸ್ವಲ್ಪ ಇಳಿಯುತ್ತದೆ ಎಂಬುದು ವಿಶಾಖಾಗೆ ಚಿಕ್ಕಂದಿನಿಂದ ಗೊತ್ತು. ಆದರೆ ಮುದುಕಿ ಕೈ ಬಿಡಲಿಲ್ಲ. ಅವಳ ಮಣಿಕಟ್ಟನ್ನು ಹಿಡಿದುಕೊಂಡೇ, ಪಟದ ಕಡೆ ಗದ್ದವೆತ್ತಿ, ಬೈಯುವ ದನಿಯಲ್ಲಿ ಹೇಳತೊಡಗಿದಳು: “ನೋಡು, ಹೆಂಗೆ ಕೂತವ್ನೆ. ಬೆಳಗಾಯ್ತು ಅಂದ್ರೆ ಓಡೋನು. ರಿಟೈರಾದೋನಿಗೆ ಏನಪ್ಪಾ ಕೆಲ್ಸ, ತಿಂಡಿ ತಿಂದು ಹೋಗು ಅಂದ್ರೆ ಕೇಳ್ತಿರ್ಲಿಲ್ಲ. ಹಾಜರಿ ಹಾಕ್ಬೇಕಕ್ಕಾ ಅನ್ನೋನು. ಯಾರಿಗೋ ನಿನ್ನ ಹಾಜರಿ, ದೇವ್ರಿಗಾ ಅಂತ ಬೈತಿದ್ದೆ. ಹಲ್ಲು ಕಿರೀತಿದ್ದ.” ಆಮೇಲೆ, “ಊಟ ಮಾಡ್ಕೊಂಡೇ ಹೋಗ್ಬೇಕು ನೀನು,” ಎಂದಳು. ನೀವು ಎಂಬುದು ಯಾವಾಗ ನೀನು ಆಯಿತೋ, ಅದು ಬೀದಿಯ ಹೆಸರಿನಿಂದ ಆದದ್ದೋ, ಸಲುಗೆಯಿಂದ ಆದದ್ದೋ, ವಿಶಾಖಾಗೆ ತಿಳಿಯಲಿಲ್ಲ. ತಿಳಿಯಬೇಕೆಂದೂ ಅನ್ನಿಸಲಿಲ್ಲ.

ಅವಳು ಸಾಲಿನ ತುದಿಯಲ್ಲಿ ಕೂತು ಉಂಡಳು. ಬಡಿಸುವವನು, “ಪಾಯ್ಸ, ಪಾಯ್ಸ, ಬಿಸಿ ಇದೆ, ಬೇಡ ಅನ್ಬೇಡಿ,” ಎಂದು ಕೂಗುತ್ತ ಬಂದ. ಹಾಜರಿ. ದಿನಾ ಬೆಳಿಗ್ಗೆ, ಆ ಕೊನೆಯ ಸಾಲಿನಲ್ಲಿ. ಕೈತೊಳೆಯುವಲ್ಲಿ ಆರಾಧನಾ ಪಕ್ಕಕ್ಕೆ ಬಂದು ನಿಂತಳು. “ತಪ್ಪು ತಿಳ್ಕೋಬೇಡಿ ಆಂಟಿ. ಇವತ್ತಿನ ಆರಾಧನೆಗೆ ಅಂತ ತಾತನ ಫೋನಲ್ಲಿ ಹೆಸರಿದ್ದೋರಿಗೆಲ್ಲಾ ಮೆಸೇಜ್ ಹಾಕ್ದೆ. ನಿಮ್ಮದು ಬರೀ ನಂಬರು, ಹೆಸರೇ ಹಾಕಿರ್ಲಿಲ್ಲ. ಯಾವ್ದೋ ಲೋನಿನವರು ಅಂದ್ಕೊಂಡೆ. ಬೆಳಿಗ್ಗೆ ಎತ್ತಿದ್ದೂ ಬೈಯೋಣ ಅಂತಲೇ.” ಹುಡುಗಿ ನಕ್ಕು, ನಗಬಾರದಿತ್ತೆಂದು ಬಾಯಿ ಮುಚ್ಚಿಕೊಂಡಳು. “ಪರವಾಗಿಲ್ಲಮ್ಮ,” ಎಂದಳು ವಿಶಾಖಾ.

ಮೆಟ್ರೋದಲ್ಲಿ ಸಂಪಿಗೆ ರಸ್ತೆಯ ನಿಲ್ದಾಣ ಬರುವವರೆಗೂ ಅವಳು ಅದನ್ನೇ ತಿರುವಿ ತಿರುವಿ ನೋಡಿದಳು. ಹೆಸರೇ ಹಾಕಿರಲಿಲ್ಲ. ಬರೆದಿಡುವಷ್ಟು ಮುಖ್ಯವಲ್ಲವೆಂದೇ? ಅಥವಾ ಬರೆದಿಡುವ ಅಗತ್ಯವೇ ಇಲ್ಲದಷ್ಟು ಬಾಯಿಪಾಠವಾಗಿತ್ತೆಂದೇ? ಎದುರಿನ ಸೀಟಿನ ಹುಡುಗಿ ಕಿವಿಗೆ ಏನೋ ಸಿಕ್ಕಿಸಿಕೊಂಡು ನಿದ್ದೆ ಹೋಗಿದ್ದಳು. ಪ್ರಭುದೇವನಿಗೆ ಈ ಖಾಲಿ ಜಾಗಗಳ ವಿಷಯದಲ್ಲಿ ಒಂದು ಹಟವಿತ್ತು. ಹಳೆಯ ಕಾಲದಲ್ಲಿ ನೆರೆಹೊರೆಯನ್ನು ಕೇಳುತ್ತಿದ್ದ ವಿಧಾನದಲ್ಲಿ ಉತ್ತರವಿಲ್ಲದಿದ್ದರೆ ಬರಿ ಖಾಲಿ ಬರುತ್ತಿತ್ತು, ಅಷ್ಟೇ. ಹೊಸ ಫೋರ್ಟ್ರಾನ್ ಬಂದಾಗ ಅವನು ಅವಳ ಸಾಲನ್ನು ಹೊಸ ವಿಧಾನಕ್ಕೆ ಬದಲಿಸಿದ. ಎಂಟನ್ನು ಮಾತ್ರ ಮುಟ್ಟಲಿಲ್ಲ. ಹೊಸದರಲ್ಲಿ ಉತ್ತರದ ಜೊತೆಗೆ ಇನ್ನೆರಡು ಅಂಕಿ ಬರುತ್ತವೆ: ನಿಜವಾದ ಉದ್ದ, ಮತ್ತು ಸ್ಥಿತಿ. ಆ ಹೆಸರಿನದು ಯಾವುದೂ ಇಲ್ಲವೇ ಇಲ್ಲ ಎಂದಾದರೆ ಸ್ಥಿತಿ ಒಂದು. ಇದೆ ಎಂದಾದರೆ, ಖಾಲಿಯಾಗಿಯೇ ಇದ್ದರೂ, ಸೊನ್ನೆ. “ಕಾಗದದ ಮೇಲೆ ಎರಡೂ ಖಾಲೀನೇ ಅಲ್ವೇನ್ರೀ?” ಎಂದು ಅವಳು ವಾದಿಸಿದ್ದಳು. “ಕಾಗದಕ್ಕೆ ಒಂದೇ. ಇಲ್ಲದಿರೋದು ಬೇರೆ, ಇದ್ದು ಖಾಲಿ ಇರೋದು ಬೇರೆ ವಿಶಾಖಾ ಅವರೇ. ಕೇಳಿದೋರಿಗೆ ಗೊತ್ತಾಗ್ಬೇಕು,” ಎಂದಿದ್ದ. ಆ ಹೊತ್ತಿಗೆ ಅವನ ತಲೆ ಪೂರ್ತಿ ನರೆತಿತ್ತು. ಭಾನುವಾರ ಲಾಲ್‌ಬಾಗಿಗೆ ಬರುತ್ತೀರಾ ಎಂದು ಅವನು ಕೇಳಿದ್ದೂ ಅದೇ ವಾರ. ಅವಳು, ಯಾರಾದರೂ ನೋಡಿದರೆ, ಎಂದಿದ್ದಳು. ಲಾಲ್‌ಬಾಗು ಅವಳ ಮನೆಯ ಹಿಂದೆಯೇ ಇತ್ತು.

ಕಚೇರಿಯಲ್ಲಿ ರಕ್ಷಿತಾ ಎದ್ದು ಕುರ್ಚಿ ಬಿಟ್ಟುಕೊಟ್ಟಳು. ಸುದ್ದಿ ಇವತ್ತಷ್ಟೇ ತಿಳಿಯಿತೆಂದಾಗ ಅವಳ ಮುಖ ಸಪ್ಪಗಾಯಿತು. “ಅಯ್ಯೋ ಮೇಡಂ! ನಾವು ಫೋನ್ ಮಾಡೋಣ ಅಂತಿದ್ವಿ. ಆಮೇಲೆ, ಅವರಿಗೆ ಗೊತ್ತಿಲ್ದೆ ಇರುತ್ತಾ, ಎಲ್ಲರಿಗಿಂತ ಮೊದಲು ಅವರಿಗೇ...” ಎಂದು ಅರ್ಧಕ್ಕೆ ನಿಲ್ಲಿಸಿದಳು. ಹೊರಗಿನವಳೆಂದುಕೊಂಡು ಮನೆಯವರು ಸುದ್ದಿ ಹೇಳಲಿಲ್ಲ. ಒಳಗಿನವಳೆಂದುಕೊಂಡು ಇವರು ಹೇಳಲಿಲ್ಲ. ನಡುವೆ ಹತ್ತು ದಿನ ಸೋರಿಹೋಗಿತ್ತು.

“ಹೆಸರು ಹೇಗೆ ಬರ್ತಿತ್ತಮ್ಮ ಇಷ್ಟು ದಿನ?”

“ಅವರ ಲಾಗಿನ್ನಲ್ಲೇ ನಡೆಸ್ತಿದ್ವಿ ಮೇಡಂ. ಪಾಸ್‌ವರ್ಡು ಎಲ್ಲರಿಗೂ ಗೊತ್ತಿತ್ತು. ನಿನ್ನೆ ಅದನ್ನ ಕ್ಲೋಸ್ ಮಾಡ್ಸಿದ್ವಿ. ಇವತ್ತು ನನ್ನದರಲ್ಲಿ ನಡೆಸಿದ್ರೆ ಹೆಸರೇ ಇಲ್ಲ.”

ವಿಶಾಖಾಗೆ ಎಲ್ಲ ಅರ್ಥವಾಯಿತು. ಅವನ ಲಾಗಿನ್ ತೆರೆದಾಗಲೆಲ್ಲ ನೆರೆಹೊರೆಗೆ ಅವನ ಹೆಸರನ್ನು ಹೇಳುವ ಒಂದು ಸಾಲು ಅಲ್ಲಿತ್ತು. ಲಾಗಿನ್ ಹೋಯಿತು, ಸಾಲು ಹೋಯಿತು, ನೆರೆಹೊರೆಗೆ ಅವನು ಯಾರೆಂದೇ ಗೊತ್ತಿಲ್ಲ. “ತೆಗೆಯೋದು ಬೇಡಮ್ಮ. ಈಗ ನಡೆಸ್ತಿರೋಳು ನೀನು. ನಿನ್ನ ಹೆಸರು ಬರಲಿ,” ಎಂದಳು.

“ನನ್ನದಾ? ಹಿಡಿಸುತ್ತಾ ಮೇಡಂ? ಪ್ರಭುದೆ ಸಾರ್ ಥರ ‘ರಕ್ಷಿ’ ಅಂತ ಬಂದ್ಬಿಟ್ರೆ ಕಾಫಿ ರೂಮಲ್ಲಿ ನನ್ನ ಕಥೆ ಮುಗೀತು.” ಅವಳು ಬೆರಳು ಮಡಿಸಿ ಎಣಿಸಿದಳು. “ಎಂಟು! ಸರಿಯಾಗಿ ಹಿಡಿಸುತ್ತೆ!”

ಯಾರ ಹೆಸರಾದರೂ ಹಿಡಿಸುತ್ತಿತ್ತು, ಅವನದೊಂದನ್ನು ಬಿಟ್ಟು. ರಕ್ಷಿತಾ ಕಾಫಿ ತರಿಸಲು ಹೊರಗೆ ಹೋದಳು. ವಿಶಾಖಾ ಪ್ರೋಗ್ರಾಮನ್ನು ತೆರೆದು, ಆ ಎಂಟನ್ನು ಅಳಿಸಿ, ಉದ್ದ ಹೆಚ್ಚಿಸಿ, ಮತ್ತೆ ಕಟ್ಟಿದಳು. ಕಂಪ್ಯೂಟರಿನಲ್ಲೇ ಬೇರೊಂದು ಕಿಟಕಿ ತೆರೆದು, ಯಾರಿಗೂ ಕಳಿಸದೆ ತೆರೆಯ ಮೇಲಷ್ಟೇ ತೋರಿಸುವಂತೆ ಮಾಡಿ, ಅಲ್ಲಿ ಅವನ ಪೂರ್ತಿ ಹೆಸರನ್ನು ಟೈಪು ಮಾಡಿ, ಪ್ರೋಗ್ರಾಮನ್ನು ನಡೆಸಿದಳು. ಕೊನೆಯ ಸಾಲು ಖಾಲಿ. ಸ್ಥಿತಿ ಒಂದು. ಇಲ್ಲವೇ ಇಲ್ಲ. ಮತ್ತೆ ನೋಡಿದಳು, ಹೆಸರು ಅಲ್ಲೇ, ಅವಳು ಬರೆದಲ್ಲೇ ಇತ್ತು. ಹೊಸದಾಗಿ ಸೇರಿದವರಿಗೆಲ್ಲ ತಾನೇ ಹೇಳಿಕೊಡುತ್ತಿದ್ದ ಪಾಠ ಆಗ ನೆನಪಾಯಿತು. ಹೆಸರನ್ನು ಬರೆದಿಟ್ಟರೆ ಸಾಲದು, ಎಕ್ಸ್‌ಪೋರ್ಟ್ ಎಂದು ಹೇಳಿ ಹೊರಗೆ ಬಿಡಬೇಕು. ಇಲ್ಲದಿದ್ದರೆ ಅದು ಬರೆದ ಕಿಟಕಿಯೊಳಗೇ ಉಳಿಯುತ್ತದೆ. ಅಲ್ಲಿಂದ ಹುಟ್ಟಿದ ಯಾವ ಪ್ರೋಗ್ರಾಮಿಗೂ ಅದು ಇತ್ತೆಂಬುದೇ ತಿಳಿಯುವುದಿಲ್ಲ. ಅವಳು ಆ ಒಂದು ಮಾತನ್ನು ಸೇರಿಸಿ ಮತ್ತೆ ನಡೆಸಿದಳು. ಕೆರೆಗಳು ಒಂದೊಂದಾಗಿ ಬಂದವು, ನೀರಿನ ಅಂಕಿಗಳು ಬಂದವು, ಕೊನೆಯಲ್ಲಿ ಅವನು ಬಂದ. ಪೂರ್ತಿಯಾಗಿ, ಕೊನೆಯ ಎರಡಕ್ಷರವೂ ಸೇರಿ. ಸ್ಥಿತಿ ಸೊನ್ನೆ. ಅಷ್ಟು ವರ್ಷವೂ ಸ್ಥಿತಿಯಲ್ಲಿ ಕತ್ತರಿಸಿದ್ದೇನೆಂಬ ಗುರುತು ಬರುತ್ತಿತ್ತು, ಪಕ್ಕದಲ್ಲಿ ನಿಜವಾದ ಉದ್ದ ಹತ್ತೆಂದೂ ಬರುತ್ತಿತ್ತು. ಆ ಬಡಪಾಯಿ ಪ್ರೋಗ್ರಾಮಿಗೆ ತಾನು ಎಷ್ಟನ್ನು ಕಳೆದುಕೊಂಡೆ ಎಂಬುದು ದಿನಾ ಗೊತ್ತಿರುತ್ತಿತ್ತು. ಯಾರೂ ಕೇಳಿರಲಿಲ್ಲ.

ಅವಳು ಆ ಹೆಸರನ್ನು ನೋಡುತ್ತ ಕೂತಳು. ಹಾಗೆಯೇ ಕಳಿಸಿಬಿಡಬಹುದಿತ್ತು, ಒಂದೇ ಒಂದು ಸಲ, ಎಲ್ಲ ಎಂಜಿನಿಯರುಗಳಿಗೂ. ಆದರೆ ಇದನ್ನು ಇಂದು ನಡೆಸಿದವನು ಅವನಲ್ಲ. ಹತ್ತು ದಿನದ ಸುಳ್ಳನ್ನು ತಿಳಿಯದೆ ನಂಬಿದ್ದು ಸಾಕು. ಕಿಟಕಿಯನ್ನು ಮುಚ್ಚಿದಳು. ಅದರೊಂದಿಗೆ ಹೆಸರೂ ಹೋಯಿತು. ರಕ್ಷಿತಾಳ ಲಾಗಿನ್ನಿನಲ್ಲಿ ರಕ್ಷಿತಾಳ ಹೆಸರನ್ನು ಬರೆದು, ಎಕ್ಸ್‌ಪೋರ್ಟ್ ಮರೆಯದೆ ಹಾಕಿ, ಎದ್ದಳು.

“ಉದ್ದ ಯಾಕೆ ಜಾಸ್ತಿ ಮಾಡಿದ್ರಿ ಮೇಡಂ?” ಕಾಫಿ ಹಿಡಿದು ಬಂದ ರಕ್ಷಿತಾ ತೆರೆಯನ್ನು ನೋಡಿ ಕೇಳಿದಳು.

“ಮುಂದೆ ಬರೋರ ಹೆಸರು ಉದ್ದ ಇರಬಹುದಲ್ಲಮ್ಮ. ಮುದುರ್ಕೊಂಡು ಕೂತ್ಕೋಬಾರ್ದು.”

ಮನೆಗೆ ಬಂದಾಗ ಇನ್ನೂ ಬೆಳಕಿತ್ತು. ಅವಳು ಮುಖ ತೊಳೆದು, ಗೂಡಿನಲ್ಲಿದ್ದ ದೀಪವನ್ನು ತಂದು, ಬಾಗಿಲು ತೆರೆದಿಟ್ಟುಕೊಂಡೇ, ಅವನು ಅಂದು ಚಾಪೆ ಹಾಕಿಕೊಂಡು ಕೂತಿದ್ದ ಜಾಗದಲ್ಲಿ ಇಟ್ಟು ಹಚ್ಚಿದಳು. ಎದುರುಮನೆಯ ಹನುಮಕ್ಕ ಈಗ ಕೋಲೂರಿ ನಡೆಯುವವಳು. ಆದರೂ ಕಣ್ಣು ಹಾಗೆಯೇ ಇತ್ತು. ಹೊಸ್ತಿಲಲ್ಲಿ ನಿಂತೇ, “ಹುಣ್ಣಿಮೆ ಅಲ್ಲ ಏನಿಲ್ಲ, ಯಾರಿಗೆ ವಿಶಾಖಕ್ಕಾ ದೀಪ?” ಎಂದು ಕೂಗಿದಳು.

ವಿಶಾಖಾ ತಲೆಯೆತ್ತಿದಳು. ಬೀದಿಯಲ್ಲಿ ಸೊಪ್ಪಿನ ಗಾಡಿಯವನು ನಿಂತಿದ್ದ, ಇಬ್ಬರು ಹೆಂಗಸರು ಚೌಕಾಸಿ ಮಾಡುತ್ತಿದ್ದರು.

“ನಮ್ಮೋರಿಗೆ ಹನುಮಕ್ಕ,” ಎಂದಳು, ಅವರಿಗೂ ಕೇಳಿಸುವಷ್ಟು ಗಟ್ಟಿಯಾಗಿ. “ನಮ್ಮೋರೊಬ್ಬರು ಹೋಗ್ಬಿಟ್ರು.”

“ಯಾರವ್ವಾ?”

“ಪ್ರಭುದೇವ ಅಂತ. ಅಮ್ಮ ಹೋದಾಗ ಬಂದು ಕೂತಿದ್ರಲ್ಲ. ಅವರು.”

ಹನುಮಕ್ಕ ಸೆರಗನ್ನು ತಲೆಯ ಮೇಲೆಳೆದುಕೊಂಡು, ಕೋಲನ್ನು ಗೋಡೆಗೆ ಒರಗಿಸಿ, ಅಲ್ಲಿಂದಲೇ ಕೈಮುಗಿದಳು. ವಿಶಾಖಾ ದೀಪದ ಮುಂದೆ ಕೂತಳು. ಬೆಳಿಗ್ಗೆ ನಿಂತಿದ್ದ ಮಾತನ್ನು ಮೊದಲಿನಿಂದ ತೆಗೆದುಕೊಂಡಳು, ತಾಯಿ ಹೇಳುತ್ತಿದ್ದಂತೆಯೇ, ನಿಧಾನವಾಗಿ. ಈ ಕೈಯಿಂದ ಏನಾದರೂ ಒಳ್ಳೆಯದು ಆಗಿದ್ದರೆ ಅದರ ಫಲ ನನ್ನ ಬಂಧು ಪ್ರಭುದೇವನಿಗೆ ಸೇರಲಿ. ಬಂದವನನ್ನು ಬಾಗಿಲಲ್ಲೇ ಕೂರಿಸಿದ ತಪ್ಪು ನನ್ನದು, ಅದು ಅವನನ್ನು ಹಿಂಬಾಲಿಸದಿರಲಿ. ಹೋದ ದಾರಿಯಲ್ಲಿ ಅವನಿಗೆ ಬಾಯಾರಿಕೆಯಾಗದಿರಲಿ, ಭಯವಾಗದಿರಲಿ. ಅವನು ಎಲ್ಲಿದ್ದರೂ ಕೈಕಾಲು ಚಾಚಿ ಮಲಗುವಷ್ಟು ಜಾಗ ಅವನಿಗಿರಲಿ. ಭಗವಾನ್, ಅವನಿಗೆ ಶಾಂತಿಯಿರಲಿ.